ಸ್ಕ್ಯಾನ್‌ಗೆ ಮುಂಚೆ, ಯಂತ್ರದೊಳಗೆ, ರಿಪೋರ್ಟ್ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ, ಫೋನಿನಲ್ಲಿ, ರಿಪೋರ್ಟ್ ಹಿಡಿದು ನಿಂತಾಗ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಒಂದೊಂದು ಕೇಂದ್ರದ ಯಂತ್ರ ಮತ್ತು ಪದ್ಧತಿ ಸ್ವಲ್ಪ ಬೇರೆ ಇರುತ್ತದೆ. ನಿಮಗೆ ಅಲ್ಲಿ ಹೇಳಿದ್ದು ಇಲ್ಲಿರುವುದಕ್ಕಿಂತ ಬೇರೆಯಾದರೆ ಅಲ್ಲಿಯವರ ಮಾತನ್ನೇ ಕೇಳಿ.

## ಮೊದಲ ಸಲ ಹೋಗುವವರಿಗೆ

ಎಕ್ಸ್-ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್ ಎಲ್ಲವೂ ಒಳಗಿನ ಫೋಟೋನೇ ತಾನೆ? ವ್ಯತ್ಯಾಸ ಏನು?

ಫೋಟೋ ಎಂದರೆ ತಪ್ಪೇನಿಲ್ಲ, ಆದರೆ ನಾಲ್ಕೂ ಅಳೆಯುವುದು ಬೇರೆ ಬೇರೆ ಸಂಗತಿಯನ್ನು. ಎಕ್ಸ್-ರೇ ಒಂದು ನೆರಳು. ಕಿರಣವನ್ನು ಮೂಳೆ ಹೆಚ್ಚು ತಡೆಯುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಬಹುತೇಕ ತಡೆಯುವುದಿಲ್ಲ. ಮುಂದಿರುವುದು, ಹಿಂದಿರುವುದು ಎಲ್ಲ ಒಂದರ ಮೇಲೊಂದು ಬೀಳುವುದೇ ಅದರ ಕೊರತೆ. ಸಿಟಿಯಲ್ಲೂ ಇರುವುದು ಅದೇ ಕಿರಣ. ಟ್ಯೂಬು ಮೈಯ ಸುತ್ತ ತಿರುಗುತ್ತಾ ನೂರಾರು ಕೋನಗಳಿಂದ ಅಳೆಯುತ್ತದೆ, ಕಂಪ್ಯೂಟರ್ ಅದನ್ನು ಸೌತೆಕಾಯಿ ಬಿಲ್ಲೆಗಳ ಹಾಗೆ ಪದರ ಪದರವಾಗಿ ಬಿಡಿಸಿಡುತ್ತದೆ. 1971ರಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ಸ್ಕ್ಯಾನ್ ಮಾಡಲಾಯಿತು.

ಎಂಆರ್‌ಐನಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳನ್ನು ದೊಡ್ಡ ಅಯಸ್ಕಾಂತದೊಳಗೆ ರೇಡಿಯೋ ಅಲೆಗಳಿಂದ ಕೆಣಕಿ, ಅವು ಮರಳಿ ಕೊಡುವ ಸಂಕೇತವನ್ನು ಅದು ಹಿಡಿಯುತ್ತದೆ. ಅಲ್ಟ್ರಾಸೌಂಡ್ ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಶಬ್ದವನ್ನು ಕಳಿಸಿ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಚರ್ಮಕ್ಕೆ ಹಚ್ಚುವ ತಣ್ಣನೆಯ ಜೆಲ್ ಔಷಧಿಯಲ್ಲ. ಮೈಮೇಲೆ ಆಡಿಸುವ ಪ್ರೋಬ್ ಎಂಬ ಸಾಧನಕ್ಕೂ ಚರ್ಮಕ್ಕೂ ನಡುವೆ ಒಂದಿಷ್ಟು ಗಾಳಿ ಉಳಿದರೂ ಶಬ್ದ ಅಲ್ಲಿಂದಲೇ ಹಿಂತಿರುಗುತ್ತದೆ, ಆ ಗಾಳಿಯನ್ನು ಹೊರಹಾಕಲು ಜೆಲ್ ಬೇಕು.

ಸಣ್ಣಪುಟ್ಟದ್ದೆಲ್ಲ ಯಾಕೆ, ನೇರವಾಗಿ ಎಂಆರ್‌ಐ ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುವುದಿಲ್ಲವೆ?

ಗೊತ್ತಾಗುವುದಿಲ್ಲ. ಸ್ಕ್ಯಾನ್ ಎಂದರೆ ದೇಹಕ್ಕೆ ಕೇಳುವ ಪ್ರಶ್ನೆ. ಯಾವ ಪ್ರಶ್ನೆಗೆ ಯಾವ ಯಂತ್ರ ಉತ್ತರ ಕೊಡುತ್ತದೆ ಎನ್ನುವುದೇ ಮುಖ್ಯ. ಪಿತ್ತಕೋಶದ ಕಲ್ಲಿಗೆ ಅಲ್ಟ್ರಾಸೌಂಡ್‌ಗಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ, ಎಷ್ಟೋ ಪಿತ್ತದ ಕಲ್ಲುಗಳು ಸಿಟಿಯ ಕಣ್ಣಿಗೆ ಬೀಳುವುದೇ ಇಲ್ಲ. ಮೂತ್ರನಾಳದ ಕಲ್ಲಿಗೆ ಕಾಂಟ್ರಾಸ್ಟ್ (ಒಳಗಿನದು ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ಔಷಧಿ) ಇಲ್ಲದ ಸಿಟಿಯೇ ಸರಿ, ಎಂಆರ್‌ಐ ಅಲ್ಲಿ ತಡವರಿಸುತ್ತದೆ. ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ), ಬೆನ್ನುಹುರಿ ನೋಡಲು ಎಂಆರ್‌ಐ ಬೇಕು.

ಪಾರ್ಶ್ವವಾಯು ಹೊಡೆದವರನ್ನು ಮೊದಲು ಸಿಟಿಗೆ ಒಯ್ಯುವುದನ್ನು ಕಂಡು ಮನೆಯವರು ‘ಒಳ್ಳೆಯ ಸ್ಕ್ಯಾನ್ ಮಾಡಲಿಲ್ಲ’ ಎಂದು ಬೇಸರಪಡುವುದುಂಟು. ತಲೆಯೊಳಗಿನ ಹೊಸ ರಕ್ತಸ್ರಾವ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ಚಿತ್ರ ಸಿಗಲು ಕೆಲವೇ ನಿಮಿಷ ಸಾಕು. ರಕ್ತಸ್ರಾವ ಇಲ್ಲ ಎಂದು ಖಚಿತವಾಗದೆ ಹೆಪ್ಪು ಕರಗಿಸುವ ಔಷಧಿ ಕೊಡುವಂತಿಲ್ಲ. ಅಲ್ಲಿ ಬೇಕಾದದ್ದು ಚಂದದ ಚಿತ್ರವಲ್ಲ, ಬೇಗ ಸಿಗುವ ಉತ್ತರ.

ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ವೈದ್ಯರ ಚೀಟಿ, ಹಳೆಯ ಸ್ಕ್ಯಾನ್‌ಗಳು (ರಿಪೋರ್ಟ್ ಮಾತ್ರ ಸಾಲದು, ಚಿತ್ರಗಳೂ ಬೇಕು), ಇತ್ತೀಚಿನ ಕ್ರಿಯಾಟಿನಿನ್ ವರದಿ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ), ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಮೈಯಲ್ಲಿ ಕೂರಿಸಿರುವ ಯಾವುದೇ ಸಾಧನದ ಕಾರ್ಡು.

ಚೀಟಿಯನ್ನು ಒಮ್ಮೆ ನೀವೂ ಓದಿ ನೋಡಿ. ‘ಹೊಟ್ಟೆ ಸಿಟಿ’ ಎಂದಷ್ಟೇ ಬರೆದಿದ್ದರೆ ಆ ಸ್ಕ್ಯಾನ್ ಅರ್ಧ ಕುರುಡು. ‘ಹತ್ತು ದಿನದಿಂದ ಬಲ ಕೆಳಹೊಟ್ಟೆ ನೋವು, ಜ್ವರ, ಎರಡು ವರ್ಷದ ಹಿಂದೆ ಕರುಳಿನ ಆಪರೇಷನ್’ ಎಂದಿದ್ದರೆ ಎಲ್ಲಿ ನೋಡಬೇಕು, ಕಾಂಟ್ರಾಸ್ಟ್ ಬೇಕೆ, ಯಾವ ಹಂತದಲ್ಲಿ ಚಿತ್ರ ಹಿಡಿಯಬೇಕು ಎನ್ನುವುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಚೀಟಿಯಲ್ಲಿ ಇಲ್ಲದಿದ್ದರೆ ಟೆಕ್ನಿಷಿಯನ್‌ಗೆ ಬಾಯಲ್ಲಿ ಹೇಳಿ. ಎಡವೋ ಬಲವೋ ಎನ್ನುವುದನ್ನಂತೂ ತಪ್ಪದೆ ಹೇಳಿ.

ಎದೆಯ ಎಕ್ಸ್-ರೇಗೆ ಜಡೆ ಎತ್ತಿ ಕಟ್ಟಿಕೊಳ್ಳಿ ಅಂದರು. ಕೂದಲಿಗೂ ಇದಕ್ಕೂ ಏನು ಸಂಬಂಧ?

ದಪ್ಪ ಜಡೆ ಭುಜದ ಮೇಲೆ ಬಿದ್ದರೆ ಶ್ವಾಸಕೋಶದ ತುದಿಯಲ್ಲಿ ಮಸುಕು ಕಲೆಯಂತೆ ಕಾಣುತ್ತದೆ. ಕ್ಷಯದ ಕಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೂ ಅದೇ ಜಾಗದಲ್ಲಿ. ಗುಂಡಿ, ಪಿನ್ನು, ಸರ, ಒಳಉಡುಪಿನ ಕೊಕ್ಕೆ, ಬಟ್ಟೆಯ ಮೇಲಿನ ದಪ್ಪ ಮುದ್ರಣ, ನೋವಿಗೆ ಅಂಟಿಸಿದ ಪಟ್ಟಿ ಎಲ್ಲವೂ ಚಿತ್ರದಲ್ಲಿ ಹೀಗೇ ಕಾಟ ಕೊಡುತ್ತವೆ. ಸುಲಭವಾಗಿ ಬಿಚ್ಚಿ ಹಾಕಿಕೊಳ್ಳುವ ಸಡಿಲ ಹತ್ತಿಬಟ್ಟೆ ಧರಿಸಿ, ಒಡವೆ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

## ಹೊಟ್ಟೆ, ನೀರು, ಮಾತ್ರೆ

ಒಂದಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತಾರೆ, ಇನ್ನೊಂದಕ್ಕೆ ನೀರು ಕುಡಿದು ಮೂತ್ರ ಹಿಡಿದು ಬನ್ನಿ ಅಂತಾರೆ. ಯಾಕೆ ಹೀಗೆ?

ಎರಡಕ್ಕೂ ಕಾರಣ ಸರಳ. ಊಟ ಮಾಡಿದೊಡನೆ ಪಿತ್ತಕೋಶ ಸಂಕುಚಿತಗೊಂಡು ಪಿತ್ತವನ್ನು ಕರುಳಿಗೆ ಸುರಿಯುತ್ತದೆ. ಮುದುಡಿದ ಚೀಲದಲ್ಲಿ ಕಲ್ಲು ಹುಡುಕುವುದು ಕಷ್ಟ. ಗೋಡೆಯೂ ದಪ್ಪಗಾದಂತೆ ಕಂಡು ಉರಿಯೂತವೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ಅದಕ್ಕೇ ಮೇಲ್ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಸುಮಾರು 6 ಗಂಟೆ ಉಪವಾಸ. ನಡುವೆ ಬರೀ ನೀರು ಕುಡಿದರೆ ತೊಂದರೆಯಿಲ್ಲ, ಕಾಫಿ ಹಾಲು ಬೇಡ.

ಕೆಳಹೊಟ್ಟೆಯ ಸ್ಕ್ಯಾನ್‌ನಲ್ಲಿ ಗಾಳಿ ತುಂಬಿದ ಕರುಳು ಶಬ್ದವನ್ನು ಮುಂದೆ ಬಿಡುವುದಿಲ್ಲ. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ತಳ್ಳಿ, ಗರ್ಭಕೋಶ ಮತ್ತು ಅಂಡಾಶಯಗಳನ್ನು ನೋಡಲು ಕಿಟಕಿಯಾಗುತ್ತದೆ. ಒಂದು ಗಂಟೆ ಮೊದಲು 3–4 ಲೋಟ ನೀರು ಕುಡಿದು, ನಂತರ ಮೂತ್ರಕ್ಕೆ ಹೋಗದೆ ಇದ್ದರೆ ಸಾಕು. ತಡೆಯಲಾಗದಷ್ಟು ತುಂಬಿಸಿಕೊಳ್ಳುವುದೂ ತಪ್ಪು: ಅತಿಯಾಗಿ ಹಿಗ್ಗಿದ ಮೂತ್ರಕೋಶ ಗರ್ಭಕೋಶವನ್ನೇ ಒತ್ತಿ ಆಕಾರ ಕೆಡಿಸುತ್ತದೆ, ನಿಮಗೂ ಪ್ರೋಬಿನ ಒತ್ತಡ ಸಹಿಸಲಾಗುವುದಿಲ್ಲ. ಯೋನಿಯೊಳಗೆ ಪ್ರೋಬ್ ಇಟ್ಟು ಮಾಡುವ ಸ್ಕ್ಯಾನ್‌ಗಾದರೆ ಮೂತ್ರಕೋಶ ಖಾಲಿ ಇರಬೇಕು.

ಕಾಂಟ್ರಾಸ್ಟ್ ಸಿಟಿಗೆ ಬಹಳ ಕಡೆ 4 ಗಂಟೆ ಉಪವಾಸ ಕೇಳುತ್ತಾರೆ. ಈಗಿನ ಔಷಧಿಗಳಿಂದ ವಾಂತಿ ಅಪರೂಪವಾದ್ದರಿಂದ ಕೆಲವು ಕೇಂದ್ರಗಳು ಈ ನಿಯಮ ಕೈಬಿಟ್ಟಿವೆ. ಉಪವಾಸವೆಂದು ನೀರನ್ನೂ ಬಿಟ್ಟು ಒಣಗಿ ಬರುವವರನ್ನು ಕಂಡರೆ ಕಳವಳವಾಗುತ್ತದೆ. ನೀರಿನಂಶ ಕಡಿಮೆಯಾದಷ್ಟೂ ಕಿಡ್ನಿಗೆ ಹೊರೆ, ಸೂಜಿಗೆ ನರ ಸಿಗುವುದೂ ಕಷ್ಟ.

ಬೆಳಿಗ್ಗೆಯ ಬಿಪಿ ಮಾತ್ರೆ, ಶುಗರ್ ಮಾತ್ರೆ ಏನು ಮಾಡಲಿ?

ಬಿಪಿ, ಹೃದಯ, ಥೈರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ಎಂದಿನಂತೆ ತೆಗೆದುಕೊಳ್ಳಿ. ಉಪವಾಸವಿದ್ದಾಗ ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಹಾಗಾಗಿ ಮಧುಮೇಹಿಗಳು ಬೆಳಗಿನ ಮೊದಲ ಸಮಯ ಕೇಳಿ ಪಡೆಯಲಿ, ಅಂದಿನ ಡೋಸನ್ನು ವೈದ್ಯರ ಹತ್ತಿರ ಮೊದಲೇ ಕೇಳಿಕೊಳ್ಳಲಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ವಿಚಾರ ಕಾಂಟ್ರಾಸ್ಟ್ ಭಾಗದಲ್ಲಿದೆ.

## ಯಂತ್ರದೊಳಗೆ

ಸಿಟಿ ಐದೇ ನಿಮಿಷದಲ್ಲಿ ಮುಗಿಯಿತು. ಸರಿಯಾಗಿ ಮಾಡಿದರೋ ಇಲ್ಲವೋ?

ಮಾಡಿದ್ದಾರೆ. ನಿಜವಾದ ಸ್ಕ್ಯಾನ್ ಕೆಲವೇ ಸೆಕೆಂಡುಗಳದ್ದು; ಉಳಿದ ಸಮಯ ಮಲಗಿಸುವುದು, ಸೂಜಿ ಹಾಕುವುದು, ಅಳತೆಗೆ ತೆಗೆಯುವ ಮೊದಲ ಚಿತ್ರ ಇವಕ್ಕೆ ಹೋಗುತ್ತದೆ. ಅಷ್ಟರಲ್ಲಿ ನೀವು ಮಾಡಬೇಕಾದ ಕೆಲಸ ಒಂದೇ, ಹೇಳಿದಾಗ ಉಸಿರು ಹಿಡಿಯುವುದು. ಉಸಿರಾಡಿದರೆ ಯಕೃತ್ತು, ಶ್ವಾಸಕೋಶದ ತಳ ಮೇಲೆ ಕೆಳಗೆ ಸರಿದು ಚಿತ್ರ ಕದಡುತ್ತದೆ, ಸಣ್ಣ ಗಂಟೊಂದು ಎರಡು ಪದರಗಳ ನಡುವೆ ತಪ್ಪಿಸಿಕೊಳ್ಳಲೂಬಹುದು. ಎದೆ ಸಿಡಿಯುವಷ್ಟು ಉಸಿರು ತುಂಬಿಕೊಳ್ಳುವುದು ಬೇಡ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಹಿಡಿದರೆ ಸಾಕು.

ಎಂಆರ್‌ಐ ಯಂತ್ರ ಯಾಕೆ ಅಷ್ಟು ಬಡಿದುಕೊಳ್ಳುತ್ತದೆ? ಹಾಳಾಗಿತ್ತೇನೋ ಅನಿಸಿತು.

ಯಂತ್ರ ಸರಿಯಾಗೇ ಇದೆ. ದೊಡ್ಡ ಅಯಸ್ಕಾಂತದೊಳಗೆ ಇನ್ನಷ್ಟು ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಹರಿಸಿ ನಿಲ್ಲಿಸುತ್ತಾರೆ. ಪ್ರತಿ ಸಲವೂ ಸುರುಳಿ ಅದುರುತ್ತದೆ, ಆ ಅದುರೇ ಬಡಿತ. ಶಬ್ದ 100 ಡೆಸಿಬೆಲ್ ದಾಟಬಹುದಾದ್ದರಿಂದ ಕಿವಿಗೆ ಬೆಣೆಯನ್ನೋ ಹೆಡ್‌ಫೋನನ್ನೋ ಹಾಕಿಯೇ ಒಳಗೆ ಕಳಿಸಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ಒಂದು ಭಾಗಕ್ಕೆ 20ರಿಂದ 45 ನಿಮಿಷ ಹಿಡಿಯುತ್ತದೆ. ಅದು ಒಂದೇ ಚಿತ್ರವಲ್ಲ. ಮೂರರಿಂದ ಆರು ನಿಮಿಷದ ಸರಣಿಗಳು ಒಂದಾದ ಮೇಲೊಂದು ನಡೆಯುತ್ತವೆ. ಕೆಮ್ಮಬೇಕು, ತುರಿಸಿಕೊಳ್ಳಬೇಕು ಎಂದಾದರೆ ಶಬ್ದ ನಿಂತ ಬಿಡುವಿನಲ್ಲಿ ಮಾಡಿ, ಆದರೆ ಮಲಗಿದ ಭಂಗಿ ಬದಲಾಗದಿರಲಿ. ಬಡಿತದ ನಡುವೆ ಅಲುಗಿದರೆ ಆ ಸರಣಿ ಪೂರ್ತಿ ಮತ್ತೆ ಮಾಡಬೇಕಾಗುತ್ತದೆ.

ಕೈಗಳನ್ನು ಹೆಣೆದುಕೊಳ್ಳಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ. ಬರಿಚರ್ಮಕ್ಕೆ ಬರಿಚರ್ಮ ತಾಗಿ ಸುತ್ತು ಪೂರ್ತಿಯಾದರೆ ರೇಡಿಯೋ ಅಲೆಯಿಂದ ಅಲ್ಲಿ ವಿದ್ಯುತ್ ಹರಿದು ಸುಟ್ಟಗಾಯವಾಗಬಹುದು. ತೊಡೆಗಳ ನಡುವೆ ಬಟ್ಟೆಯ ಪದರ ಇಡುವುದು ಇದಕ್ಕೇ. ಸ್ವಲ್ಪ ಬೆಚ್ಚಗಾಗುವುದು ಸಹಜ; ಒಂದು ಜಾಗ ಮಾತ್ರ ಸುಡುತ್ತಿದೆ ಎನಿಸಿದರೆ ತಡಮಾಡದೆ, ಸಿಬ್ಬಂದಿಯನ್ನು ಕರೆಯಲೆಂದು ಕೈಗೆ ಕೊಟ್ಟಿರುವ ಗಾಳಿಚೆಂಡನ್ನು ಒತ್ತಿ.

ಮುಚ್ಚಿದ ಜಾಗ ಅಂದರೆ ನನಗೆ ಜೀವ ಹೋದಂತಾಗುತ್ತದೆ. ಅರ್ಧಕ್ಕೆ ಎದ್ದು ಬಂದೆ. ಏನಾದರೂ ದಾರಿ ಇದೆಯೆ?

ಇದೆ, ಮತ್ತು ನೀವೊಬ್ಬರೇ ಅಲ್ಲ. ಸಮಯ ಗೊತ್ತುಮಾಡುವಾಗಲೇ ಹೇಳಿಬಿಡಿ, ಸರದಿ ಬಂದಾಗ ಹೇಳುವುದು ತಡವಾಯಿತು. ಹಳೆಯ ಯಂತ್ರಗಳ ಸುರಂಗ 60 ಸೆಂಟಿಮೀಟರ್, ಹೊಸವು ಹಲವು 70. ಆ ಹತ್ತು ಸೆಂಟಿಮೀಟರ್ ದೊಡ್ಡ ಸಮಾಧಾನ. ಮಂಡಿ ಅಥವಾ ಪಾದದ ಸ್ಕ್ಯಾನ್ ಆದರೆ ಕಾಲು ಮೊದಲು ಹೋಗುತ್ತದೆ, ತಲೆ ಹೊರಗೇ ಉಳಿಯಬಹುದು. ಒಳಗೆ ಹೋಗುವ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಿ. ಒಳಗೆ ಹೋದ ಮೇಲೆ ಕಣ್ಣು ತೆರೆದು ಮುಚ್ಚಿದರೆ ಪ್ರಯೋಜನವಿಲ್ಲ, ಮೂಗಿನ ಮುಂದಿನ ಗೋಡೆಯನ್ನು ಮನಸ್ಸು ಆಗಲೇ ನೋಡಿಬಿಟ್ಟಿರುತ್ತದೆ. ಜೊತೆಗಿದ್ದವರು ತಪಾಸಣೆ ಮುಗಿಸಿ ಒಳಗೆ ಬಂದು ಕಾಲು ಮುಟ್ಟಿಕೊಂಡು ಕೂರಲು ಹಲವು ಕಡೆ ಬಿಡುತ್ತಾರೆ. ಯಾವುದೂ ಸಾಲದಿದ್ದರೆ ವೈದ್ಯರು ಹಗುರ ನೆಮ್ಮದಿಯ ಮಾತ್ರೆ ಬರೆದುಕೊಡಬಹುದು. ಆ ದಿನ ಗಾಡಿ ಓಡಿಸುವಂತಿಲ್ಲ, ಒಬ್ಬರೇ ಹೋಗುವಂತಿಲ್ಲ.

ಕಾಲಲ್ಲಿ ರಾಡ್ ಇದೆ, ಅಪ್ಪನಿಗೆ ಸ್ಟೆಂಟ್ ಇದೆ. ಎಂಆರ್‌ಐ ಮಾಡಿಸಬಹುದೆ?

ಹೆಚ್ಚಿನವರು ಮಾಡಿಸಬಹುದು. ಮೂಳೆಗೆ ಹಾಕುವ ಟೈಟಾನಿಯಂ ರಾಡು, ತಟ್ಟೆಗಳು ಸೆಳೆತಕ್ಕೆ ಸಿಗುವುದಿಲ್ಲ. ಅವುಗಳ ಸುತ್ತ ಚಿತ್ರ ಹಾಳಾಗುತ್ತದೆ, ಅಷ್ಟೆ. ಈಗಿನ ಹೃದಯದ ಸ್ಟೆಂಟ್‌ಗಳಿಗೂ 1.5 ಅಥವಾ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಅಡ್ಡಿಯಿಲ್ಲ, ಕಾಯಬೇಕಾಗಿಯೂ ಇಲ್ಲ. ತಾಮ್ರದ ಕಾಪರ್-ಟಿ ಇದ್ದರೂ ಚಿಂತೆಯಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಪಟ್ಟಿಗೆ. ಪೇಸ್‌ಮೇಕರ್ ಇದ್ದರೆ ಅದರ ಮಾದರಿ ಎಂಆರ್‌ಐಗೆ ಒಪ್ಪಿತವೆ ಎಂದು ಕಾರ್ಡಿನಲ್ಲಿ ನೋಡಬೇಕು. ಒಪ್ಪಿತವಾದರೂ ಸ್ಕ್ಯಾನ್‌ಗೆ ಮೊದಲು ಮತ್ತು ನಂತರ ಅದರ ಸೆಟ್ಟಿಂಗ್ ಬದಲಿಸಲು ತಜ್ಞರು ಬೇಕು. ಮಿದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್ಪು, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಇನ್ಸುಲಿನ್ ಪಂಪು, ಶುಗರ್ ಅಳೆಯುವ ಸೆನ್ಸರ್ ಇವುಗಳನ್ನೂ ಮೊದಲೇ ಹೇಳಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದವರ ಕಣ್ಣಲ್ಲಿ ಎಂದಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಅದನ್ನಂತೂ ಮರೆಯಬೇಡಿ. ಉಳಿದ ಪುಟ್ಟ ಚೂರು ಅಯಸ್ಕಾಂತಕ್ಕೆ ಸರಿದು ದೃಷ್ಟಿಗೇ ಕುತ್ತು ತರಬಹುದು. ಅಂಥವರಿಗೆ ಮೊದಲು ಕಣ್ಣಿನ ಎಕ್ಸ್-ರೇ.

ಜನ ಮರೆಯುವುದು ಸಣ್ಣವನ್ನು: ಚರ್ಮಕ್ಕಂಟಿಸಿದ ಔಷಧಿ ಪಟ್ಟಿ (ಕೆಲವುದರ ಹಿಂಬದಿಯಲ್ಲಿ ಲೋಹದ ಹಾಳೆ ಇರುತ್ತದೆ), ಬೆಳ್ಳಿ ಎಳೆ ನೇಯ್ದ ಆಟದ ಉಡುಪು, ಕಣ್ಣಿನ ಮೇಕಪ್ಪು, ಶ್ರವಣ ಸಾಧನ, ಕಳಚುವ ಹಲ್ಲಿನ ಸೆಟ್ಟು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿಯಲ್ಲೂ, ಆ ಅಯಸ್ಕಾಂತ ಆರಿರುವುದಿಲ್ಲ. ಕಬ್ಬಿಣದ ಗಾಲಿಕುರ್ಚಿ, ಆಮ್ಲಜನಕದ ಸಿಲಿಂಡರ್ ಬಾಗಿಲಾಚೆ ಹೋದರೆ ಅವು ಹಾರಿ ಬಡಿಯುವ ಕ್ಷಿಪಣಿಗಳೇ.

ಮ್ಯಾಮೋಗ್ರಾಂನಲ್ಲಿ ಅಷ್ಟು ಜೋರಾಗಿ ಒತ್ತುವುದು ಬೇಕೇ ಬೇಕೆ?

ಬೇಕು. ಒತ್ತಿದಾಗ ಒಂದರ ಮೇಲೊಂದು ಬಿದ್ದ ಅಂಗಾಂಶ ಹರಡುತ್ತದೆ, ಕಡಿಮೆ ವಿಕಿರಣ ಸಾಕಾಗುತ್ತದೆ, ಅಲುಗಾಟ ನಿಲ್ಲುತ್ತದೆ. ಒಂದು ಸ್ತನಕ್ಕೆ ಎರಡು ಚಿತ್ರ, ಪ್ರತಿ ಒತ್ತು ಕೆಲವು ಸೆಕೆಂಡು. ಮುಟ್ಟು ಮುಗಿದ ನಂತರದ ವಾರದಲ್ಲಿ ಹೋದರೆ ನೋವು ಕಡಿಮೆ. ಅಂದು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ. ಅದರ ಕಣಗಳು ಕ್ಯಾನ್ಸರಿನ ಸೂಕ್ಷ್ಮ ಸುಣ್ಣದ ಚುಕ್ಕೆಗಳಂತೆಯೇ ಕಾಣುತ್ತವೆ. ‘ಇನ್ನೊಂದು ಚಿತ್ರಕ್ಕೆ ಬನ್ನಿ’ ಎಂದು ಕರೆ ಬಂದರೆ ಎದೆ ಒಡೆದುಕೊಳ್ಳಬೇಡಿ, ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ.

ಪೆಟ್ ಸ್ಕ್ಯಾನ್‌ನಲ್ಲಿ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಮಾತಾಡದೆ ಮಲಗಿಸಿದರು. ಯಾಕೆ?

ಕೊಟ್ಟದ್ದು ವಿಕಿರಣ ಬೆರೆತ ಸಕ್ಕರೆ. ಯಾವ ಜೀವಕೋಶ ಹೆಚ್ಚು ಸಕ್ಕರೆ ಉಣ್ಣುತ್ತದೋ ಅದು ಬೆಳಗುತ್ತದೆ. ಕ್ಯಾನ್ಸರ್ ಗಡ್ಡೆ ಉಣ್ಣುತ್ತದೆ ನಿಜ, ಆದರೆ ದುಡಿಯುವ ಸ್ನಾಯುವೂ ಉಣ್ಣುತ್ತದೆ: ಮಾತಾಡುತ್ತಿದ್ದರೆ ಗಂಟಲು ಬೆಳಗುತ್ತದೆ, ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದರೆ ತೊಡೆ ಬೆಳಗುತ್ತದೆ, ಚಳಿಯಾದರೆ ಕತ್ತಿನ ಕಂದು ಕೊಬ್ಬು ಬೆಳಗುತ್ತದೆ. ಅದಕ್ಕೇ 6 ಗಂಟೆ ಉಪವಾಸ, 24 ಗಂಟೆ ವ್ಯಾಯಾಮವಿಲ್ಲ, ಬೆಚ್ಚನೆಯ ಹೊದಿಕೆ, ಮೌನ. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ.

ಆ ಸಕ್ಕರೆಗೆ ಬೆರೆಸುವ ವಿಕಿರಣ ವಸ್ತು ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಆ ಔಷಧಿಯನ್ನು ಕೂಡಿಡಲು ಆಗುವುದಿಲ್ಲ, ನೀವು ತಡವಾಗಿ ಹೋದರೆ ನಿಮ್ಮ ಪಾಲು ವ್ಯರ್ಥ. ಮನೆಗೆ ಬಂದ ಮೇಲೆ ನೀರು ಚೆನ್ನಾಗಿ ಕುಡಿದು ಪದೇ ಪದೇ ಮೂತ್ರಕ್ಕೆ ಹೋಗಿ. ಅಂದು ಸಂಜೆಯವರೆಗೆ ಹಸುಗೂಸು, ಗರ್ಭಿಣಿಯರನ್ನು ಅಪ್ಪಿಕೊಂಡು ಕೂರಬೇಡಿ.

## ಕಾಂಟ್ರಾಸ್ಟ್ ಎಂಬ ಔಷಧಿ

ಸೂಜಿಯಲ್ಲಿ ಏನೋ ಬಿಟ್ಟರು, ಮೈಯೆಲ್ಲ ಬಿಸಿಯಾಗಿ ಮೂತ್ರ ಹೋದಂತಾಯಿತು. ಇದೇನು?

ಸಿಟಿಗೆ ಕೊಡುವ ಕಾಂಟ್ರಾಸ್ಟಿನಲ್ಲಿ ಅಯೋಡಿನ್ ಇರುತ್ತದೆ, ಅದು ಎಕ್ಸ್-ರೇಯನ್ನು ತಡೆದು ರಕ್ತನಾಳ ಮತ್ತು ಗಡ್ಡೆಗಳನ್ನು ಬೆಳ್ಳಗೆ ತೋರಿಸುತ್ತದೆ. ಸಾಮಾನ್ಯವಾಗಿ 50ರಿಂದ 100 ಮಿ.ಲೀ.; ರಕ್ತನಾಳಗಳ ಸ್ಕ್ಯಾನ್ ಆದರೆ ಪಂಪು ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ತಳ್ಳುತ್ತದೆ. ರಕ್ತನಾಳ ಹಿಗ್ಗುವುದರಿಂದ ಮೈ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ತೊಡೆಯ ಸಂದಿಯಲ್ಲಿ ಬೆಚ್ಚಗಾಗಿ ಮೂತ್ರ ಹೋಯಿತೆಂದೇ ಅನಿಸುತ್ತದೆ. ಹೋಗಿರುವುದಿಲ್ಲ. ಒಂದು ನಿಮಿಷದಲ್ಲಿ ಎಲ್ಲ ಇಳಿಯುತ್ತದೆ.

ಸಹಜವಲ್ಲದ್ದು ಸೂಜಿಯ ಜಾಗದ ನೋವು ಮತ್ತು ಊತ. ಔಷಧಿ ನರದ ಹೊರಗೆ ಸೋರುತ್ತಿದೆ ಎಂದರ್ಥ, ಕೂಡಲೇ ಕೂಗಿ ಹೇಳಿ. ಕೈ ಎತ್ತಿ ಹಿಡಿದು ತಣ್ಣನೆಯ ಪಟ್ಟಿ ಇಟ್ಟರೆ ಬಹುಪಾಲು ಒಂದೆರಡು ದಿನದಲ್ಲಿ ಇಳಿಯುತ್ತದೆ. ನೋವು ಏರುತ್ತಿದ್ದರೆ, ಬೆರಳು ಜೋಮುಗಟ್ಟಿದರೆ, ಗುಳ್ಳೆ ಎದ್ದರೆ ಮತ್ತೆ ತೋರಿಸಬೇಕು.

ಸೀಗಡಿ ತಿಂದರೆ ನನಗೆ ಅಲರ್ಜಿ. ಅಯೋಡಿನ್ ಕಾಂಟ್ರಾಸ್ಟ್ ಬೇಡ ಅಂತಾರಲ್ಲ?

ಇದು ಸಾಯದ ಹಳೆಯ ನಂಬಿಕೆ. ಸೀಗಡಿ ಅಲರ್ಜಿಗೆ ಕಾರಣ ಅದರ ಪ್ರೋಟೀನು, ಅಯೋಡಿನ್ ಅಲ್ಲ. ಗಾಯಕ್ಕೆ ಹಚ್ಚುವ ಅಯೋಡಿನ್‌ನಿಂದ ಚರ್ಮ ಕೆಂಪಾಗುವುದಕ್ಕೂ ಇದಕ್ಕೂ ನಂಟಿಲ್ಲ. ಮುಖ್ಯವಾದ ಪ್ರಶ್ನೆ: ಹಿಂದೆ ಇದೇ ಕಾಂಟ್ರಾಸ್ಟ್ ಕೊಟ್ಟಾಗ ದದ್ದು, ಉಬ್ಬಸ, ಮುಖ ಊದುವುದು ಆಗಿತ್ತೆ? ಆಗಿದ್ದರೆ ಔಷಧಿಯ ಹೆಸರು, ಆದದ್ದೇನು ಎರಡನ್ನೂ ಬರೆದಿಟ್ಟುಕೊಳ್ಳಿ. ಬೇರೆ ಬ್ರ್ಯಾಂಡ್ ಬಳಸುವುದು, 12–13 ಗಂಟೆ ಮೊದಲಿನಿಂದ ಸ್ಟೀರಾಯ್ಡ್ ಮಾತ್ರೆ ಕೊಡುವುದು, ಬೇರೆಯೇ ಸ್ಕ್ಯಾನ್ ಆರಿಸುವುದು, ಹೀಗೆ ದಾರಿಗಳಿವೆ. ಈಗಿನ ಔಷಧಿಗಳಿಂದ ತೀವ್ರ ಪ್ರತಿಕ್ರಿಯೆ 10,000 ಮಂದಿಯಲ್ಲಿ ಸುಮಾರು 4 ಜನರಿಗೆ. ಬಹುಪಾಲು ಮೊದಲ 20–30 ನಿಮಿಷದಲ್ಲೇ ಬರುವುದರಿಂದ ಸ್ಕ್ಯಾನ್ ಮುಗಿದೊಡನೆ ಓಡಬೇಡಿ, ಅಲ್ಲೇ ಕುಳಿತಿರಿ.

ಕಾಂಟ್ರಾಸ್ಟ್ ಹಾಕಿದರೆ ಕಿಡ್ನಿ ಹೋಗುತ್ತದಂತೆ, ಹೌದೆ?

ಈ ಭಯ ಹಿಂದೆ ಇದ್ದಷ್ಟು ಈಗ ಇಲ್ಲ. ಕಿಡ್ನಿ ಎಷ್ಟು ಶೋಧಿಸುತ್ತಿದೆ ಎಂಬ ಲೆಕ್ಕವಾದ ಇಜಿಎಫ್‌ಆರ್ 45ಕ್ಕಿಂತ ಮೇಲಿದ್ದರೆ ಅಪಾಯ ನಗಣ್ಯ. 30ಕ್ಕಿಂತ ಕೆಳಗಿದ್ದರೆ ಅಥವಾ ಕಿಡ್ನಿಗೆ ದಿಢೀರನೆ ಪೆಟ್ಟು ಬಿದ್ದಿದ್ದರೆ ಯೋಚಿಸಿ ಕೊಡಬೇಕು. ಮೊದಲು ಮತ್ತು ನಂತರ ಸಲೈನ್ ಹಾಕುತ್ತಾರೆ, ನೋವಿನ ಮಾತ್ರೆಗಳನ್ನು ನಿಲ್ಲಿಸಲು ಹೇಳುತ್ತಾರೆ. ಮೆಟ್‌ಫಾರ್ಮಿನ್ ಕೂಡ ಇಂಥವರಿಗೇ 48 ಗಂಟೆ ನಿಲ್ಲುವುದು, ಮತ್ತೆ ಕ್ರಿಯಾಟಿನಿನ್ ನೋಡಿದ ಮೇಲೆ ಶುರು. ಕಿಡ್ನಿ ಸರಿಯಿದ್ದವರು ನಿಲ್ಲಿಸಬೇಕಿಲ್ಲ. ಪ್ರಾಣಕ್ಕೆ ಕುತ್ತಿರುವಾಗ ಕ್ರಿಯಾಟಿನಿನ್ ವರದಿಗೆ ಕಾಯುತ್ತ ಕೂರುವುದು ದೊಡ್ಡ ತಪ್ಪು.

ಎಂಆರ್‌ಐಗೆ ಕೊಡುವುದು ಬೇರೆ ಔಷಧಿ, ಗ್ಯಾಡೋಲಿನಿಯಂ. ತೀವ್ರ ಕಿಡ್ನಿ ವೈಫಲ್ಯ ಇದ್ದವರಲ್ಲಿ ಅದರ ಹಳೆಯ ಕೆಲವು ಬಗೆಗಳು ಚರ್ಮ ಮತ್ತು ಕೀಲುಗಳನ್ನು ಬಿಗಿಗೊಳಿಸುವ ರೋಗ ತಂದವು. ಈಗ ಬಳಸುವ ಉಂಗುರ ರಚನೆಯ ಔಷಧಿಗಳಲ್ಲಿ ಅದು ಅತ್ಯಂತ ಅಪರೂಪ.

## ವಿಕಿರಣ, ಗರ್ಭ, ಮಕ್ಕಳು

ಈ ವರ್ಷ ನಾಲ್ಕು ಸಿಟಿ ಆಯಿತು. ಕ್ಯಾನ್ಸರ್ ಬಂದುಬಿಡುತ್ತದೆಯೆ?

ಅಳತೆ ಕೈಯಲ್ಲಿದ್ದರೆ ಭಯಕ್ಕೂ ಒಂದು ಗಾತ್ರ ಸಿಗುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಹೇಗೂ ತಗಲುತ್ತದೆ. ಎದೆಯ ಎಕ್ಸ್-ರೇ ಸುಮಾರು 0.1, ತಲೆಯ ಸಿಟಿ ಸುಮಾರು 2, ಹೊಟ್ಟೆಯ ಸಿಟಿ ಒಂದು ಸುತ್ತಿಗೆ 8ರಿಂದ 10. ಕಾಂಟ್ರಾಸ್ಟ್ ಇಲ್ಲದೆ ಒಮ್ಮೆ, ಕೊಟ್ಟು ಎರಡು ಸಲ ಎಂದು ಹಂತ ಹೆಚ್ಚಿದಂತೆ ಲೆಕ್ಕವೂ ಗುಣಿಸುತ್ತದೆ. 10 ಮಿಲಿಸೀವರ್ಟ್‌ನಿಂದ ಮುಂದೆಂದಾದರೂ ಪ್ರಾಣಾಂತಿಕ ಕ್ಯಾನ್ಸರ್ ಬರುವ ಹೆಚ್ಚುವರಿ ಸಾಧ್ಯತೆಯನ್ನು ಸುಮಾರು 2,000ಕ್ಕೆ 1 ಎಂದು ಅಂದಾಜಿಸುತ್ತಾರೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ಆಯಿತು’ ಅಲ್ಲ, ‘ಈ ಸಲದ್ದು ಚಿಕಿತ್ಸೆಯನ್ನು ಬದಲಿಸುತ್ತದೆಯೆ’. ಬದಲಿಸುವುದಾದರೆ ಐದನೆಯದೂ ಸರಿ. ಇಲ್ಲವಾದರೆ ಮೊದಲನೆಯದೂ ಹೆಚ್ಚು. ರೋಗಿಗಳಿಗೆ ಇಷ್ಟೇ ಎಂಬ ಜೀವಮಾನದ ಮಿತಿ ಇಲ್ಲ, ಮಿತಿ ಇರುವುದು ವಿಕಿರಣದ ನಡುವೆ ಕೆಲಸ ಮಾಡುವವರಿಗೆ. ಅಂದಹಾಗೆ, ಎಕ್ಸ್-ರೇ ಆದ ಮೇಲೆ ದೇಹದಲ್ಲಿ ಏನೂ ಉಳಿಯುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ದೀಪದ ಬೆಳಕು ಕೋಣೆಯಲ್ಲಿ ಉಳಿಯುತ್ತದೆಯೆ?

ಗರ್ಭಿಣಿ ಅಂತ ಗೊತ್ತಿಲ್ಲದೆ ಎಕ್ಸ್-ರೇ ಮಾಡಿಸಿಬಿಟ್ಟೆ. ಮಗುವಿಗೆ ತೊಂದರೆಯೆ?

ಎದೆ, ಕೈ, ಕಾಲು, ಹಲ್ಲಿನ ಎಕ್ಸ್-ರೇ ಆದರೆ ಗರ್ಭಕ್ಕೆ ತಲುಪುವುದು ಲೆಕ್ಕಕ್ಕೆ ಬಾರದಷ್ಟು. ಗರ್ಭ ಹೀರುವ ವಿಕಿರಣ 50 ಮಿಲಿಗ್ರೇಗಿಂತ ಕಡಿಮೆಯಿದ್ದಾಗ ಅಂಗವೈಕಲ್ಯ ಹೆಚ್ಚಿದ್ದು ಕಂಡುಬಂದಿಲ್ಲ. ಹೊಟ್ಟೆಯ ಒಂದು ಸಿಟಿಯೂ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ಇರುತ್ತದೆ. ಗಾಬರಿಯಲ್ಲಿ ಗರ್ಭಪಾತದ ಯೋಚನೆಗೆ ಹೋಗುವ ಮೊದಲು ನಿಜವಾದ ಪ್ರಮಾಣ ಲೆಕ್ಕ ಹಾಕಿಸಿ. ಮುಂದಿನ ಸಲ, ಮುಟ್ಟು ಒಂದೇ ದಿನ ತಡವಾಗಿದ್ದರೂ ಹೇಳಿ. ಬಸುರಿಯರಿಗೆ ಅಲ್ಟ್ರಾಸೌಂಡ್, ಬೇಕಾದರೆ ಎಂಆರ್‌ಐ ಮೊದಲ ಆಯ್ಕೆ. ಗ್ಯಾಡೋಲಿನಿಯಂ ಮಾತ್ರ ತೀರಾ ಅನಿವಾರ್ಯವಲ್ಲದೆ ಕೊಡುವುದಿಲ್ಲ.

ಹಾಲೂಡಿಸುವವರು ಸಿಟಿ ಅಥವಾ ಎಂಆರ್‌ಐ ಕಾಂಟ್ರಾಸ್ಟ್ ಆದ ಮೇಲೆ ಹಾಲು ಹಿಂಡಿ ಚೆಲ್ಲಬೇಕಿಲ್ಲ. ಎದೆಹಾಲಿಗೆ ಸೇರುವುದು ಕೊಟ್ಟದ್ದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಮಗುವಿನ ಕರುಳು ಅದರಲ್ಲೂ ನೂರರಲ್ಲಿ ಒಂದು ಪಾಲಿನಷ್ಟನ್ನೇ ಹೀರುವುದು. ವಿಕಿರಣ ಔಷಧಿ ಚುಚ್ಚುವ ಪರೀಕ್ಷೆಗಳ ಮಾತು ಬೇರೆ. ಯಾವ ಔಷಧಿ ಎಂಬುದರ ಮೇಲೆ ಬಿಡುವಿನ ಅವಧಿ ನಿಂತಿದೆ, ಮೊದಲೇ ಕೇಳಿ.

ಮಗುವಿಗೆ ಎಂಆರ್‌ಐ ಬರೆದಿದ್ದಾರೆ. ಮಲಗಿಸಲು ಅರಿವಳಿಕೆ ಬೇಕೆ?

ಮೂರು ತಿಂಗಳೊಳಗಿನ ಕೂಸಾದರೆ ಹಾಲು ಕುಡಿಸಿ, ಬಿಗಿಯಾಗಿ ಸುತ್ತಿ, ತಾನಾಗಿ ಮಲಗಿದ ಮೇಲೆ ಮಾಡುವುದುಂಟು. ಅಲ್ಲಿಂದ ಐದಾರು ವರ್ಷದವರೆಗಿನ ಮಕ್ಕಳಿಗೆ ಹೆಚ್ಚಾಗಿ ಔಷಧಿ ಬೇಕಾಗುತ್ತದೆ. ಅದಕ್ಕೆ ಉಪವಾಸ ಕಟ್ಟುನಿಟ್ಟು: ಸಾಮಾನ್ಯವಾಗಿ ತಿಳಿನೀರು 2 ಗಂಟೆ, ಎದೆಹಾಲು 4 ಗಂಟೆ, ಬೇರೆ ಹಾಲು ಮತ್ತು ಹಗುರ ಆಹಾರ 6 ಗಂಟೆ ಮೊದಲೇ ನಿಲ್ಲಬೇಕು. ಅಳುತ್ತದೆಂದು ಕದ್ದು ಒಂದು ಬಿಸ್ಕತ್ತು ಕೊಟ್ಟು ಹೇಳದೆ ಉಳಿದರೆ, ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಕೊಟ್ಟಿದ್ದರೆ ನಾಚಿಕೆ ಬಿಟ್ಟು ಹೇಳಿ; ಸಮಯ ಮುಂದೆ ಹೋಗುತ್ತದೆ, ಅಷ್ಟೆ.

## ರಿಪೋರ್ಟ್ ಕೈಗೆ ಬಂದ ಮೇಲೆ

ಟೆಕ್ನಿಷಿಯನ್ ಮುಖ ನೋಡಿದರೆ ಏನೋ ಇದೆ ಅನಿಸಿತು. ಕೇಳಿದರೆ ಬಾಯಿ ಬಿಡಲಿಲ್ಲ.

ಅವರ ಕೆಲಸ ಚಿತ್ರ ಸರಿಯಾಗಿ ತೆಗೆಯುವುದು, ಓದುವುದು ರೇಡಿಯಾಲಜಿಸ್ಟ್ ಕೆಲಸ. ಒಂದು ಸಿಟಿಯಲ್ಲಿ ನೂರಾರು ಚಿತ್ರಗಳಿರುತ್ತವೆ, ಹಳೆಯದರ ಪಕ್ಕ ಇಟ್ಟು ನೋಡಬೇಕು. ಇನ್ನೊಂದು ಸರಣಿ ಹೆಚ್ಚಿಗೆ ಮಾಡಿದರೂ ಕೆಟ್ಟ ಸುದ್ದಿ ಎಂದುಕೊಳ್ಳಬೇಡಿ. ಬಹಳ ಸಲ ಅದು ನೀವು ಅಲುಗಿದ್ದಕ್ಕೆ.

ರಿಪೋರ್ಟಿನ ಭಾಷೆ ಅರ್ಥವೇ ಆಗುವುದಿಲ್ಲ. ಎಲ್ಲಿಂದ ಓದಲಿ?

ಕೊನೆಯಿಂದ. ‘ಇಂಪ್ರೆಷನ್’ ಎಂಬ ಭಾಗವೇ ಸಾರ. ಮೇಲಿನ ಉದ್ದದ ವಿವರಣೆ ನೋಡಿದ್ದೆಲ್ಲದರ ದಾಖಲೆ. ‘ಅನ್‌ರಿಮಾರ್ಕಬಲ್’ ಎಂದರೆ ಹೇಳುವಂಥದ್ದೇನಿಲ್ಲ, ಅಂದರೆ ಒಳ್ಳೆಯದು. ‘ಲೀಷನ್’ ಎಂದರೆ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಜಾಗ, ಕ್ಯಾನ್ಸರ್ ಎಂದಲ್ಲ. ‘ಹೈಪೋ’ ಎಂದರೆ ಕಪ್ಪಗೆ, ‘ಹೈಪರ್’ ಎಂದರೆ ಬೆಳ್ಳಗೆ. ಅದರ ಬೆನ್ನಿಗೆ ಬರುವ ಪದದಿಂದ ಯಂತ್ರ ತಿಳಿಯುತ್ತದೆ: ಡೆನ್ಸ್ ಎಂದರೆ ಸಿಟಿ, ಇಂಟೆನ್ಸ್ ಎಂದರೆ ಎಂಆರ್‌ಐ, ಎಕೋಯಿಕ್ ಎಂದರೆ ಅಲ್ಟ್ರಾಸೌಂಡ್. ‘ಕ್ಲಿನಿಕಲಿ ಕೋರಿಲೇಟ್’ ಎಂದು ಬರೆದದ್ದನ್ನು ನುಣುಚಿಕೊಳ್ಳುವ ಮಾತು ಎಂದು ಹಲವರು ರೇಗುತ್ತಾರೆ. ಕೆಲವೊಮ್ಮೆ ಹೌದೇ ಹೌದು! ಆದರೆ ಮೂಲದಲ್ಲಿ ಅದರ ಅರ್ಥ, ಈ ಚಿತ್ರ ಎರಡು ಮೂರು ರೋಗಗಳಿಗೆ ಹೊಂದುತ್ತದೆ, ನಿಮ್ಮನ್ನು ಮುಟ್ಟಿ ನೋಡಿದ ವೈದ್ಯರು ತೀರ್ಮಾನಿಸಲಿ ಎಂದು.

ನೋವು ಎಡಗಡೆ, ಫಿಲಂನಲ್ಲಿ ಬಲಗಡೆ ತೋರಿಸುತ್ತಿದೆ. ಅದಲುಬದಲಾಯಿತೆ?

ಇಲ್ಲ. ಸಿಟಿ, ಎಂಆರ್‌ಐನ ಅಡ್ಡ ಪದರಗಳನ್ನು ಮಲಗಿದವರ ಪಾದದ ಕಡೆ ನಿಂತು ನೋಡಿದಂತೆ ಜೋಡಿಸುತ್ತಾರೆ. ನಿಮ್ಮ ಬಲ, ಚಿತ್ರದ ಎಡ. ಫಿಲಂನ ಅಂಚಿನಲ್ಲಿರುವ ಗುರುತು ನೋಡಿ.

ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2 ಬಂದಿದೆ. ಮೈನಸ್ ಅಂದರೆ ಗಂಡಾಂತರವೆ?

ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕಿ ಅದು. ಮೈನಸ್ 1ರವರೆಗೆ ಸಹಜ, ಅಲ್ಲಿಂದ ಮೈನಸ್ 2.5ರ ನಡುವೆ ಮೂಳೆ ತೆಳುವಾಗತೊಡಗಿದೆ, ಮೈನಸ್ 2.5 ಮತ್ತು ಕೆಳಗೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಸ್ಥಿತಿ. ಮುಂದಿನ ಸಲವೂ ಅದೇ ಯಂತ್ರದಲ್ಲಿ ಮಾಡಿಸಿದರೆ ಹೋಲಿಕೆ ಸರಿಯಾಗುತ್ತದೆ.

ಬೆನ್ನಿನ ಎಂಆರ್‌ಐನಲ್ಲಿ ಮೂರು ಡಿಸ್ಕ್ ಬಲ್ಜ್ ಆಗಿದೆ ಅಂತ ಬರೆದಿದ್ದಾರೆ. ಆಪರೇಷನ್ ಬೇಕಾಗುತ್ತದಲ್ಲವೆ?

ಬರೀ ಅಷ್ಟಕ್ಕೆ ಖಂಡಿತ ಬೇಡ. ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ 20ರ ವಯಸ್ಸಿನವರಲ್ಲಿ ಶೇ 30, 80ರವರಲ್ಲಿ ಶೇ 84 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿತ್ತು. ನರೆಗೂದಲಿನಂತೆ ಅದೂ ವಯಸ್ಸಿನ ಗುರುತು. ಮುಖ್ಯವಾಗುವುದು ಉಬ್ಬು ಒತ್ತುತ್ತಿರುವ ನರಕ್ಕೂ ನಿಮ್ಮ ಕಾಲಿನ ನೋವು, ಜೋಮಿನ ಜಾಗಕ್ಕೂ ತಾಳೆಯಾಗುತ್ತದೆಯೆ ಎಂಬುದು. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಮಾತ್ರ ಅದೇ ದಿನ ಓಡಬೇಕು.

ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಕಾಣಿಸಿಕೊಳ್ಳುವ ಕಿಡ್ನಿಯ ಸರಳ ನೀರಿನ ಗುಳ್ಳೆ, ಯಕೃತ್ತಿನ ಹೆಮಾಂಜಿಯೋಮಾ (ರಕ್ತನಾಳಗಳ ನಿರಪಾಯದ ಗಂಟು) ಇವೂ ಬಹುಪಾಲು ಇದೇ ಜಾತಿಯವು. ಶ್ವಾಸಕೋಶದ ಗಂಟು 6 ಮಿ.ಮೀ.ಗಿಂತ ಚಿಕ್ಕದಿದ್ದು, ನೀವು ಧೂಮಪಾನಿಯಲ್ಲದಿದ್ದರೆ, ಕ್ಯಾನ್ಸರಿನ ಇತಿಹಾಸವೂ ಇಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಕೂಡ ಬೇಕಾಗುವುದಿಲ್ಲ. ರಿಪೋರ್ಟಿನಲ್ಲಿ ‘ಇಷ್ಟು ತಿಂಗಳಿಗೆ ಮತ್ತೆ ನೋಡಿ’ ಎಂದಿದ್ದರೆ ಆ ದಿನಾಂಕವನ್ನು ಮಾತ್ರ ಮರೆಯಬೇಡಿ.

ಎಕ್ಸ್-ರೇ ನಾರ್ಮಲ್ ಅಂತ ಬಂತು, ನೋವು ಹಾಗೇ ಇದೆ. ತಪ್ಪು ರಿಪೋರ್ಟೆ?

ತಪ್ಪೇ ಆಗಿರಬೇಕಿಲ್ಲ. ಹೆಬ್ಬೆರಳ ಬುಡದ ಹತ್ತಿರ ಮಣಿಕಟ್ಟಿನ ಸಣ್ಣ ಮೂಳೆಯೊಂದು ಬಿರುಕುಬಿಟ್ಟರೆ ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದೇ ಹೋಗಬಹುದು. 10–14 ದಿನದಲ್ಲಿ ಬಿರುಕಿನ ಅಂಚು ಕರಗಿದಾಗ ಗೆರೆ ಮೂಡುತ್ತದೆ. ಅದಕ್ಕೇ ಚಿತ್ರ ಸರಿಯಿದ್ದರೂ ಕೈಗೆ ಪಟ್ಟಿ ಕಟ್ಟಿ ಮತ್ತೆ ಕರೆಯುತ್ತಾರೆ. ಲಿಗಮೆಂಟ್, ನರ, ಮೃದ್ವಸ್ಥಿ ಎಕ್ಸ್-ರೇಗೆ ಸಿಗುವುದೇ ಇಲ್ಲ. ಏನು ಕಾಣಲಿಲ್ಲ ಎಂಬುದರ ಜೊತೆಗೆ, ಈ ಯಂತ್ರಕ್ಕೆ ಏನು ಕಾಣಲು ಸಾಧ್ಯವೇ ಇರಲಿಲ್ಲ ಎಂಬುದನ್ನೂ ಕೇಳಿ.

ಎರಡು ಕಡೆ ಮಾಡಿಸಿದೆ, ಗಡ್ಡೆಯ ಅಳತೆ ಬೇರೆ ಬೇರೆ ಬಂತು. ಯಾರನ್ನು ನಂಬಲಿ?

ಒಂದೆರಡು ಮಿಲಿಮೀಟರ್ ವ್ಯತ್ಯಾಸ ಅಳೆದವರ ಕೈಯದ್ದಾಗಿರಬಹುದು. ಪದರದ ದಪ್ಪ, ಉಸಿರು ಹಿಡಿದ ಮಟ್ಟ, ಅಳೆದ ಕೋನ ಎಲ್ಲವೂ ಅಂಕಿಯನ್ನು ಆಚೀಚೆ ಮಾಡುತ್ತವೆ. ಅಲ್ಟ್ರಾಸೌಂಡಿನ ಅಳತೆಯನ್ನು ಸಿಟಿಯ ಅಳತೆಯ ಜೊತೆ ಇಟ್ಟು ‘ಬೆಳೆದಿದೆ’ ಎನ್ನುವುದಂತೂ ಸಲ್ಲದು. ಪರಿಹಾರ ಮೂರನೆಯ ಸ್ಕ್ಯಾನ್ ಅಲ್ಲ. ಎರಡೂ ಕಡೆಯ ಮೂಲ ಚಿತ್ರಗಳನ್ನು ಡಿಸ್ಕ್ ಅಥವಾ ಪೆನ್‌ಡ್ರೈವಿನಲ್ಲಿ ಡೈಕಾಂ (ಸ್ಕ್ಯಾನ್ ಯಂತ್ರದ ಮೂಲ ಫೈಲು) ರೂಪದಲ್ಲಿ ಕೇಳಿ ಪಡೆದು, ಒಬ್ಬರೇ ರೇಡಿಯಾಲಜಿಸ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆಯುವಂತೆ ಮಾಡಿ. ಮೊಬೈಲಿನಲ್ಲಿ ಫಿಲಂನ ಫೋಟೋ ತೆಗೆದು ಕಳಿಸಿದರೆ ಈ ಕೆಲಸ ಆಗುವುದಿಲ್ಲ. ಬೆಳಕು ಕಪ್ಪನ್ನು ಬದಲಿಸಿ ನೋಡುವ ಅವಕಾಶ ಮೂಲ ಫೈಲಿನಲ್ಲಷ್ಟೇ ಇರುತ್ತದೆ.